ಬಾವುಟ ಹೊತ್ತ ಅಂಚೆ ಪೇದೆ

ಅಮೆರಿಕ ಸಂಯುಕ್ತ ಸಂಸ್ಥಾನದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, ಅಟ್ಲಾಂಟಿಕ್ ಸಾಗರದ ತಡಿಯಲ್ಲಿ, ನ್ಯೂ ಬೆಡ್‌ಫರ್ಡ್ ಎಂಬ ಬಂದರು ಪಟ್ಟಣವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ತಿಮಿಂಗಿಲ ಬೇಟೆಗೆ ಹೆಸರಾದ ಊರು. ಅಲ್ಲಿಂದ ಹೊರಟ ಹಡಗುಗಳು ಅನೇಕ ವೇಳೆ ಮೂರು ನಾಲ್ಕು ವರ್ಷ ಹಿಂದಿರುಗುತ್ತಿರಲಿಲ್ಲ. ಕಡಲಿಗೆ ಹೋದ ಮಗನಿಂದಲೋ ಗಂಡನಿಂದಲೋ ಒಂದು ಕಾಗದ ಬಂದಿತೆಂದರೆ ಆ ಮನೆಗೆ ಹಬ್ಬವೇ ಸರಿ. ಇಂಥ ಊರಿನ ಬೀದಿಗಳಲ್ಲಿ ಅಂಚೆಯ ಚೀಲವನ್ನು ಹೆಗಲಿಗೇರಿಸಿಕೊಂಡು ಮೂವತ್ತೆರಡು ವರ್ಷ ನಡೆದವನು ವಿಲಿಯಂ ಹಾರ್ವೆ ಕಾರ್ನಿ. ಆ ಮೈಮೇಲೆ ಗುಂಡೇಟಿನ ಕಲೆಗಳಿದ್ದವು.

ಕಾರ್ನಿ 1840ರ ಫೆಬ್ರವರಿ 29ರಂದು ದಕ್ಷಿಣದ ವರ್ಜೀನಿಯ ರಾಜ್ಯದ ನಾರ್ಫೋಕ್ ನಗರದಲ್ಲಿ ಹುಟ್ಟಿದನು. ಆ ಕಾಲದಲ್ಲಿ ಅಲ್ಲಿ ಗುಲಾಮಗಿರಿ ಬೇರೂರಿತ್ತು. ಆಫ್ರಿಕ ಮೂಲದ ಕಪ್ಪು ಜನರನ್ನು ದನಕರುಗಳಂತೆ ಕೊಳ್ಳುತ್ತಿದ್ದರು, ಮಾರುತ್ತಿದ್ದರು. ಅವರಿಗೆ ಅಕ್ಷರ ಕಲಿಸುವುದಕ್ಕೂ ಕಾನೂನಿನ ತಡೆಯಿತ್ತು. ಬಾಲಕ ಕಾರ್ನಿ ಗುಟ್ಟಾಗಿ ನಡೆಯುತ್ತಿದ್ದ ಒಂದು ಶಾಲೆಯಲ್ಲಿ ಓದು ಬರಹ ಕಲಿತನು. ತಂದೆ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಉತ್ತರದ ಕಡೆಗೆ ಹೋದನು. ಕಾಲಕ್ರಮದಲ್ಲಿ ಕುಟುಂಬದವರೆಲ್ಲರೂ ನ್ಯೂ ಬೆಡ್‌ಫರ್ಡಿನಲ್ಲಿ ಒಂದುಗೂಡಿದರು. ಕ್ರೈಸ್ತ ಧರ್ಮಬೋಧಕನಾಗಬೇಕೆಂಬುದು ತರುಣ ಕಾರ್ನಿಯ ಹಂಬಲವಾಗಿತ್ತು.

1861ರಲ್ಲಿ ಉತ್ತರ ದಕ್ಷಿಣಗಳ ನಡುವೆ ಅಂತರ್ಯುದ್ಧ ಹೊತ್ತಿಕೊಂಡಿತು. 1863ರ ಆರಂಭದಲ್ಲಿ ಅಧ್ಯಕ್ಷ ಲಿಂಕನ್ ದಂಗೆಯೆದ್ದ ರಾಜ್ಯಗಳ ಗುಲಾಮರು ಸ್ವತಂತ್ರರೆಂದು ಘೋಷಿಸಿದನು. ಕಪ್ಪು ಜನರಿಗೆ ಸೈನ್ಯದ ಬಾಗಿಲೂ ತೆರೆಯಿತು. ಕಾರ್ನಿ ಧರ್ಮಬೋಧನೆಯ ಆಸೆಯನ್ನು ಬದಿಗಿಟ್ಟು ಮ್ಯಾಸಚೂಸೆಟ್ಸಿನ 54ನೆಯ ದಳವನ್ನು ಸೇರಿದನು. ದಳದ ನಾಯಕ ರಾಬರ್ಟ್ ಗೌಲ್ಡ್ ಶಾ ಇಪ್ಪತ್ತೈದು ವರ್ಷದ ಬಿಳಿಯ ತರುಣ. ಸೈನಿಕರೆಲ್ಲರೂ ಕಪ್ಪು ಜನರು. ಇವರು ಯುದ್ಧದಲ್ಲಿ ನಿಲ್ಲಬಲ್ಲರೇ ಎಂಬ ಸಂಶಯ ಉತ್ತರದವರಲ್ಲಿಯೇ ಅನೇಕರಿಗಿತ್ತು. ಸಾಲದೆಂಬಂತೆ, ಬಿಳಿಯ ಸಿಪಾಯಿಗೆ ತಿಂಗಳಿಗೆ 13 ಡಾಲರು ಸಂಬಳವಾದರೆ ಇವರಿಗೆ 10 ಡಾಲರು; ಅದರಲ್ಲಿಯೂ ಬಟ್ಟೆಯ ಬಾಬ್ತು 3 ಡಾಲರು ಕಡಿತ. ಆ ಹಣವನ್ನು ಅವರು ಮುಟ್ಟಲಿಲ್ಲ. ಸಮಾನ ವೇತನದ ಶಾಸನ 1864ರ ಜೂನ್‌ನಲ್ಲಿ ಆಗುವವರೆಗೂ ಸಂಬಳವಿಲ್ಲದೆಯೇ ಕಾದಾಡಿದರು.

1863ರ ಜುಲೈ 18. ದಕ್ಷಿಣ ಕೆರೊಲಿನದ ಚಾರ್ಲ್ಸ್‌ಟನ್ ಬಂದರಿನ ಬಳಿ, ಮಾರಿಸ್ ದ್ವೀಪದ ಮರಳ ದಿಬ್ಬಗಳ ನಡುವೆ ಶತ್ರುಗಳ ವ್ಯಾಗ್ನರ್ ಕೋಟೆಯಿತ್ತು. ಹಗಲೆಲ್ಲ ಫಿರಂಗಿಗಳು ಅದರ ಮೇಲೆ ಗುಂಡಿನ ಮಳೆಗರೆದವು. ಸಂಜೆಯಾಗುತ್ತಲೇ ಲಗ್ಗೆಯ ಮುಂಚೂಣಿಯಲ್ಲಿ ನಡೆಯುವ ಹೊಣೆ 54ನೆಯ ದಳದ ಪಾಲಿಗೆ ಬಂದಿತು. ಸುಮಾರು 600 ಮಂದಿ ಕಡಲಂಚಿನ ಕಿರಿದಾದ ಮರಳ ದಾರಿಯಲ್ಲಿ ಮುನ್ನುಗ್ಗಿದರು.

ಅಂದಿನ ಯುದ್ಧದಲ್ಲಿ ಬಾವುಟವೆಂಬುದು ಬರಿಯ ಅಲಂಕಾರವಾಗಿರಲಿಲ್ಲ. ಹೊಗೆ ಕವಿದು ಆಜ್ಞೆಯ ಮಾತು ಕಿವಿಗೆ ಬೀಳದಿದ್ದಾಗ, ತನ್ನವರು ಎಲ್ಲಿದ್ದಾರೆಂಬುದನ್ನು ಸಿಪಾಯಿಯು ಬಾವುಟವನ್ನು ನೋಡಿಯೇ ತಿಳಿಯಬೇಕಾಗಿತ್ತು. ಆದುದರಿಂದ ಶತ್ರುವಿನ ಗುರಿ ಮೊದಲು ಬಾವುಟ ಹಿಡಿದವನ ಮೇಲೆಯೇ. ಅದನ್ನು ಹಿಡಿದವನ ಕೈಗೆ ಬಂದೂಕು ಹಿಡಿಯಲು ಬಿಡುವಿರಲಿಲ್ಲ. ಆ ಸಂಜೆ ಬಾವುಟದವನು ಗುಂಡು ತಗುಲಿ ಕುಸಿದನು. ಸಾರ್ಜೆಂಟ್ ಕಾರ್ನಿ ತನ್ನ ಬಂದೂಕನ್ನು ಎಸೆದು, ಬೀಳುತ್ತಿದ್ದ ಬಾವುಟವನ್ನು ಹಿಡಿದು ಕೋಟೆಯ ಗೋಡೆಯವರೆಗೆ ಏರಿದನು. ಸುತ್ತ ನೋಡಿದರೆ ಸತ್ತವರು, ಗಾಯಗೊಂಡವರು. ನಾಯಕ ಶಾ ಕೂಡ ಮಡಿದಿದ್ದನು. ಲಗ್ಗೆ ವಿಫಲವಾಯಿತೆಂದು ಅರಿವಾದಾಗ ಕಾರ್ನಿ ಬಾವುಟವನ್ನು ಕೋಲಿಗೆ ಸುತ್ತಿಕೊಂಡು, ನೀರು ತುಂಬಿದ ಕಂದಕವನ್ನು ದಾಟಿ ಹಿಂದಿರುಗತೊಡಗಿದನು. ಒಂದರ ಮೇಲೊಂದು ಗುಂಡು ತಗುಲಿತು. ದಾರಿಯಲ್ಲಿ ಸಿಕ್ಕ ಬೇರೊಂದು ದಳದ ಸಿಪಾಯಿ ಬಾವುಟವನ್ನು ತಾನು ಹೊರುವೆನೆಂದಾಗ, ತನ್ನ ದಳದವನಿಗಲ್ಲದೆ ಇನ್ನಾರಿಗೂ ಕೊಡೆನೆಂದು ಕಾರ್ನಿ ಒಪ್ಪಲಿಲ್ಲ. ತನ್ನವರನ್ನು ಸೇರಿದ ಮೇಲೆ, ಬಾವುಟ ನೆಲಕ್ಕೆ ಸೋಕಲಿಲ್ಲವೆಂದು ತಿಳಿಸಿ ಕುಸಿದುಬಿದ್ದನು.

ಅಂದು ಆ ದಳದ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಸತ್ತರು, ಗಾಯಗೊಂಡರು, ಇಲ್ಲವೇ ಸೆರೆಯಾದರು. ಕೋಟೆ ಕೈವಶವಾಗಲಿಲ್ಲ. ಆದರೆ ಕಪ್ಪು ಜನರು ಕಾದಾಡಬಲ್ಲರೇ ಎಂದು ಶಂಕಿಸಿದವರಿಗೆ ಉತ್ತರ ದೊರೆತಿತ್ತು.

ಗಾಯಗಳ ದೆಸೆಯಿಂದ 1864ರ ಜೂನ್‌ನಲ್ಲಿ ಕಾರ್ನಿಗೆ ಸೈನ್ಯದಿಂದ ಬಿಡುಗಡೆಯಾಯಿತು. ಮರುವರ್ಷ ಮದುವೆಯಾಯಿತು. ಬೀದಿದೀಪಗಳನ್ನು ನೋಡಿಕೊಳ್ಳುವ ಕೆಲಸ, ಕ್ಯಾಲಿಫೋರ್ನಿಯದಲ್ಲಿ ಕೆಲಕಾಲದ ವಾಸ, ಹೀಗೆ ಕೆಲವು ವರ್ಷ ಕಳೆದು, 1869ರಲ್ಲಿ ನ್ಯೂ ಬೆಡ್‌ಫರ್ಡಿನ ಅಂಚೆ ಪೇದೆಯಾಗಿ ಸೇರಿದನು.

ಈ ನೌಕರಿಯೂ ಸುಲಭವಾಗಿ ಬಂದುದಲ್ಲ. ಸ್ವತಂತ್ರನಾದ ಬಿಳಿಯನ ಹೊರತು ಮತ್ತಾರೂ ಅಂಚೆಯನ್ನು ಸಾಗಿಸಕೂಡದೆಂದು 1802ರಲ್ಲಿಯೇ ಕಾನೂನಾಗಿತ್ತು. ಅದು ರದ್ದಾದುದು 1865ರಲ್ಲಿ, ಯುದ್ಧದ ಕೊನೆಯ ದಿನಗಳಲ್ಲಿ. ಇನ್ನು ಕಾಗದವನ್ನು ಶುಲ್ಕವಿಲ್ಲದೆ ಮನೆಬಾಗಿಲಿಗೆ ಮುಟ್ಟಿಸುವ ಏರ್ಪಾಡು ಅಮೆರಿಕದ ನಗರಗಳಲ್ಲಿ ಆರಂಭವಾದುದು 1863ರ ಜುಲೈ 1ರಂದು, ವ್ಯಾಗ್ನರ್ ಕೋಟೆಯ ಕಾಳಗಕ್ಕೆ ಹದಿನೇಳು ದಿನ ಮೊದಲು! ಅದಕ್ಕೆ ಹಿಂದೆ ಜನರು ಅಂಚೆ ಕಚೇರಿಗೆ ಹೋಗಿ ತರಬೇಕಾಗಿತ್ತು, ಇಲ್ಲವೇ ತಂದುಕೊಟ್ಟವನಿಗೆ ಬೇರೆ ಹಣ ತೆರಬೇಕಾಗಿತ್ತು. ಅಕ್ಷರವನ್ನು ಕದ್ದು ಕಲಿತವನು ಈಗ ಸರ್ಕಾರದ ಸಮವಸ್ತ್ರ ತೊಟ್ಟು, ವಿಳಾಸಗಳನ್ನು ಓದಿ, ಬಿಳಿಯರ ಮನೆಗೂ ಕಪ್ಪು ಜನರ ಮನೆಗೂ ಕಾಗದ ಮುಟ್ಟಿಸುತ್ತಿದ್ದನು. ರಣರಂಗದ ಆ ಒಂದು ರಾತ್ರಿಗಿಂತ ಈ ಮೂವತ್ತೆರಡು ವರ್ಷಗಳ ದುಡಿಮೆ ಕಡಿಮೆಯದೆಂದು ಹೇಳಲು ಬಾಯಿ ಬಾರದು. ಅಂಚೆ ಪೇದೆಗಳ ರಾಷ್ಟ್ರೀಯ ಸಂಘದ ಶಾಖೆ ಆ ಊರಿನಲ್ಲಿ ಸ್ಥಾಪನೆಯಾದಾಗ ಕಾರ್ನಿ ಅದರ ಉಪಾಧ್ಯಕ್ಷನಾದನು.

1897ರ ಮೇ 31ರಂದು ಬಾಸ್ಟನ್ ನಗರದಲ್ಲಿ ಶಾ ಮತ್ತು 54ನೆಯ ದಳದ ಸ್ಮಾರಕಶಿಲ್ಪದ ಅನಾವರಣವಾಯಿತು. ಸಮಾರಂಭದಲ್ಲಿ ಬೂಕರ್ ಟಿ. ವಾಷಿಂಗ್ಟನ್ ಭಾಷಣ ಮಾಡುತ್ತಿದ್ದಾಗ ಕಾರ್ನಿಯ ಕಡೆಗೆ ತಿರುಗಿ ಮಾತನಾಡಿದನು. ಐವತ್ತೇಳು ವರ್ಷದ ಅಂಚೆ ಪೇದೆ ಎದ್ದು ನಿಂತು, ಕೈಯಲ್ಲಿದ್ದ ಬಾವುಟವನ್ನು ಮೇಲೆತ್ತಿದನು. ನೆರೆದ ಸಭೆ ಹರ್ಷೋದ್ಗಾರ ಮಾಡಿತು.

ರಾಷ್ಟ್ರದ ಅತ್ಯುನ್ನತ ಶೌರ್ಯಪ್ರಶಸ್ತಿಯಾದ ಮೆಡಲ್ ಆಫ್ ಆನರ್ ಕಾರ್ನಿಗೆ ದೊರೆತುದು 1900ರ ಮೇ 23ರಂದು. ಕಾಳಗ ನಡೆದು ಮೂವತ್ತಾರು ವರ್ಷ ಕಳೆದು ಹೋಗಿತ್ತು! ಅದಾಗಲೇ ಬೇರೆ ಕಪ್ಪು ಯೋಧರಿಗೆ ಆ ಪದಕ ಸಂದಿತ್ತು. ಆದರೆ ಪದಕ ಪಡೆದ ಕಪ್ಪು ಯೋಧರ ಸಾಹಸಗಳಲ್ಲಿ ಎಲ್ಲಕ್ಕಿಂತ ಮೊದಲು ನಡೆದುದು ಕಾರ್ನಿಯದೇ. ಯುದ್ಧಕಾಲದ ಅನೇಕ ಸಾಹಸಗಳಿಗೆ ಹೀಗೆಯೇ ತಡವಾಗಿ ಮನ್ನಣೆ ದೊರೆಯಿತೆಂಬುದು ನಿಜ. ಅಷ್ಟು ಕಾಲವೂ ಕಾರ್ನಿ ಚೀಲ ಹೊತ್ತು ನಡೆಯುತ್ತಲೇ ಇದ್ದನು.

1901ರಲ್ಲಿ ನಿವೃತ್ತಿಯಾದ ಬಳಿಕ ಬಾಸ್ಟನ್ನಿನ ರಾಜ್ಯಭವನದಲ್ಲಿ, ಅಂದರೆ ಮ್ಯಾಸಚೂಸೆಟ್ಸ್ ಸರ್ಕಾರದ ಕಚೇರಿಯ ಕಟ್ಟಡದಲ್ಲಿ, ಕಾಗದಪತ್ರ ಒಯ್ಯುವ ಜವಾನನಾಗಿ ದುಡಿದನು. 1908ರಲ್ಲಿ ಅಲ್ಲಿಯ ಲಿಫ್ಟಿನಲ್ಲಿ ಕಾಲು ಸಿಕ್ಕಿಕೊಂಡು ತೀವ್ರವಾಗಿ ಗಾಯವಾಯಿತು. ಗುಂಡುಗಳಿಗೆ ಬಗ್ಗದ ದೇಹ ಈ ಅಪಘಾತದಿಂದ ಚೇತರಿಸಿಕೊಳ್ಳಲಿಲ್ಲ. ಅದೇ ವರ್ಷ ಡಿಸೆಂಬರ್ 9ರಂದು ಕಾರ್ನಿ ತೀರಿಕೊಂಡನು. ನ್ಯೂ ಬೆಡ್‌ಫರ್ಡಿನ ಓಕ್ ಗ್ರೋವ್ ಸ್ಮಶಾನದಲ್ಲಿ ಸಮಾಧಿಯಾಯಿತು. ದೊಡ್ಡ ಅಧಿಕಾರಿಗಳು ಸತ್ತಾಗ ಮಾತ್ರ ಇಳಿಸುತ್ತಿದ್ದ ರಾಜ್ಯದ ಬಾವುಟವನ್ನು ಅಂದು ಈ ಜವಾನನಿಗಾಗಿ ಅರ್ಧಕ್ಕೆ ಇಳಿಸಿದರು.