ಉಚ್ಚಾರಣೆಗೆ ನಕ್ಕವರೂ ರೈಲು ಹತ್ತಿದರು!

ಇಂಗ್ಲಿಷ್ ಮಾತೃಭಾಷೆಯಾಗಿದ್ದವರೂ ಇಂಗ್ಲಿಷ್ ಉಚ್ಚಾರಣೆಗಾಗಿ ಅವಮಾನ ಅನುಭವಿಸಿದ್ದುಂಟು. ರೈಲ್ವೆಯ ಪಿತಾಮಹ ಎನಿಸಿದ ಜಾರ್ಜ್ ಸ್ಟೀಫನ್‌ಸನ್ ಅಂಥವರಲ್ಲೊಬ್ಬರು.

1781ರಲ್ಲಿ ಇಂಗ್ಲೆಂಡಿನ ಈಶಾನ್ಯ ಭಾಗದ ವೈಲಂ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆ ಗಣಿಯ ಪಂಪ್ ಎಂಜಿನ್‌ಗೆ ಕಲ್ಲಿದ್ದಲು ಹಾಕುವ ಕೆಲಸಗಾರ. ಜಾರ್ಜ್ ಓದು ಬರಹ ಕಲಿತಿದ್ದು 18ನೇ ವಯಸ್ಸಿನಲ್ಲಿ, ರಾತ್ರಿ ಶಾಲೆಯಲ್ಲಿ. ಅವರು ಆಡುತ್ತಿದ್ದುದು ಗಣಿ ಕಾರ್ಮಿಕರ ನಾರ್ಥಂಬ್ರಿಯನ್ ಇಂಗ್ಲಿಷ್. ಅದರಲ್ಲಿ ‘ರ’ ಗಂಟಲಿನಿಂದ ಹೊರಡುತ್ತಿತ್ತು. ಲಂಡನ್ನಿನ ಮೇಲ್ವರ್ಗದ ಕಿವಿಗೆ ಅದು ಒರಟು.

1815ರಲ್ಲಿ ಗಣಿಗೆಂದು ಸುರಕ್ಷಾ ದೀಪ ರೂಪಿಸಿದರು. ವಿಜ್ಞಾನಿ ಹಂಫ್ರಿ ಡೇವಿ ಕೂಡ ಆಗಲೇ ಅಂಥದ್ದನ್ನು ರೂಪಿಸಿದ್ದರು. ಓದದ ಗಣಿ ಕೆಲಸಗಾರನಿಗೆ ಇದು ಹೇಗೆ ಸಾಧ್ಯವೆಂದು ಕಳ್ಳತನದ ಆರೋಪ ಹೊರಿಸಿದರು. ಸ್ಥಳೀಯ ವಿಚಾರಣೆಯಲ್ಲಿ ಆರೋಪ ಸುಳ್ಳೆಂದಾಯಿತು. ಮಗ ರಾಬರ್ಟ್‌ನನ್ನು ಅವರು ಒಳ್ಳೆಯ ಶಾಲೆಗೆ, ಮುಂದೆ ಎಡಿನ್‌ಬರೊ ವಿಶ್ವವಿದ್ಯಾಲಯಕ್ಕೆ ಕಳಿಸಿದರು.

1825ರಲ್ಲಿ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲು ಮಾರ್ಗಕ್ಕಾಗಿ ಸಂಸತ್ ಸಮಿತಿಯ ಮುಂದೆ ನಿಂತಾಗ ಅವರ ಮಾತು ನಗೆಪಾಟಲಾಯಿತು. ಮಸೂದೆಯೂ ಬಿತ್ತು. ಆದರೆ ಸೋಲಿಗೆ ಉಚ್ಚಾರಣೆಯೊಂದನ್ನೇ ದೂರುವಂತಿಲ್ಲ. ಸರ್ವೆಯ ಮಟ್ಟದ ಲೆಕ್ಕಗಳಲ್ಲಿ ನಿಜಕ್ಕೂ ತಪ್ಪಿದ್ದವು. ಮರುವರ್ಷ ಬೇರೆಯವರು ಮಾಡಿದ ಹೊಸ ಸರ್ವೆಯಿಂದ ಒಪ್ಪಿಗೆ ಸಿಕ್ಕಿತು. ಮಾರ್ಗ ಕಟ್ಟಲು ಮತ್ತೆ ಸ್ಟೀಫನ್‌ಸನ್ನರನ್ನೇ ಕರೆದರು. ಚಾಟ್ ಮಾಸ್ ಎಂಬ ಜೌಗಿನ ಮೇಲೂ ಹಳಿ ಹಾಸಿದರು. 1830ರಲ್ಲಿ ರೈಲು ಓಡಿತು.

1847ರಲ್ಲಿ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆಯ ಮೊದಲ ಅಧ್ಯಕ್ಷರಾದರು, ಮರುವರ್ಷ ತೀರಿಕೊಂಡರು. ಮಾತಿನ ಧಾಟಿ ಮಾತ್ರ ಕೊನೆತನಕ ಊರಿನದೇ.

ಇಂಟರ್‌ವ್ಯೂಗೆ ಹೊರಟ ಗೆಳೆಯರೇ, ಉಚ್ಚಾರಣೆಗೆ ನಕ್ಕವರಿಗೆ ಉತ್ತರ ಕೊಡಬೇಕಿಲ್ಲ. ಲೆಕ್ಕದಲ್ಲಿ ತಪ್ಪು ಹಿಡಿದವರಿಗೆ ಮಾತ್ರ ಕೊಡಲೇಬೇಕು.