ಏಡಾ ಲವ್‌ಲೇಸ್

ಆಂಗ್ಲ ಕವಿ ಬೈರನ್ನನ ಮಗಳಾದ ಏಡಾ 1815ರ ಡಿಸೆಂಬರ್ 10ರಂದು ಲಂಡನ್ನಿನಲ್ಲಿ ಜನಿಸಿದಳು. ತಂದೆಯ ಚಂಚಲ ಸ್ವಭಾವವು ಮಗಳಿಗೆ ಬಾರದಿರಲೆಂದು ತಾಯಿ ಎಳವೆಯಿಂದಲೇ ಗಣಿತದ ಪಾಠ ಹೇಳಿಸಿದಳು. ಹದಿನೇಳು ವರ್ಷದವಳಿದ್ದಾಗ ಏಡಾಳಿಗೆ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜನ ಪರಿಚಯವಾಯಿತು. ಆತನು ಮುಂದೆ ಎಂತಹ ಲೆಕ್ಕವನ್ನಾದರೂ ಮಾಡಬಲ್ಲ ಯಂತ್ರವೊಂದನ್ನು ಕಲ್ಪಿಸಿದನು. ಅದಕ್ಕೆ ಆದೇಶ ನೀಡುವುದು ರಂಧ್ರಗಳುಳ್ಳ ರಟ್ಟುಗಳು. ನಮ್ಮ ಚನ್ನಪಟ್ಟಣ, ರಾಮನಗರಗಳ ರೇಷ್ಮೆ ಜಕಾರ್ಡ್ ಮಗ್ಗವನ್ನೇರಿದಾಗ ಸೀರೆಯಂಚಿನ ಹೂಬಳ್ಳಿಯನ್ನು ನಿರ್ಣಯಿಸುವ ರಟ್ಟುಗಳಂಥವೇ.

ಈ ಯಂತ್ರವನ್ನು ಕುರಿತ ಫ್ರೆಂಚ್ ಲೇಖನವೊಂದನ್ನು ಇಂಗ್ಲಿಷಿಗೆ ತಂದ ಏಡಾ, 1843ರ ಬೇಸಗೆಯನ್ನು ಅದಕ್ಕೆ ಟಿಪ್ಪಣಿ ಬರೆಯುವುದರಲ್ಲಿಯೇ ಕಳೆದಳು. ಮೂವರು ಮಕ್ಕಳ ತಾಯಿ, ಆರೋಗ್ಯವೂ ಅಷ್ಟಕ್ಕಷ್ಟೆ. ಆದರೂ ಟಿಪ್ಪಣಿಗಳು ಮೂಲದ ಸುಮಾರು ಮೂರರಷ್ಟಾದವು. ಬರ್ನೂಲಿ ಸಂಖ್ಯೆಗಳನ್ನು ಯಂತ್ರವು ಯಾವ ಹೆಜ್ಜೆಯ ಮೇಲೆ ಯಾವ ಹೆಜ್ಜೆಯಿಟ್ಟು ಗಣಿಸಬೇಕೆಂಬುದನ್ನು ಕೋಷ್ಟಕವಾಗಿ ಬರೆದಿಟ್ಟಳು. ಅದರಲ್ಲಿ ಬ್ಯಾಬೇಜನ ಪಾಲೆಷ್ಟೆಂಬ ವಾದವು ವಿದ್ವಾಂಸರಲ್ಲಿ ಇಂದಿಗೂ ಉಂಟು. ಆದರೆ ಆತನು ಮಾಡಿಕೊಟ್ಟ ಬೀಜಗಣಿತದಲ್ಲಿ ದೊಡ್ಡ ತಪ್ಪೊಂದನ್ನು ಕಂಡು, ತಿದ್ದಲೆಂದು ಹಿಂದಿರುಗಿಸಿದವಳು ಆಕೆಯೇ ಎಂಬುದನ್ನು ಬ್ಯಾಬೇಜನೇ ಬರೆದಿಟ್ಟಿದ್ದಾನೆ.

ಲೇಖನದಲ್ಲಿ ಆಕೆಯ ಹೆಸರಿನ ಮೊದಲಕ್ಷರಗಳು ಮಾತ್ರ ಅಚ್ಚಾದವು. ಹಣವೊದಗದೆ ಯಂತ್ರವು ಕಾಗದದಲ್ಲಿಯೇ ಉಳಿಯಿತು. ತಾನು ಬರೆದ ಕ್ರಮವು ನಡೆಯುವುದನ್ನು ಒಮ್ಮೆಯೂ ಕಾಣದೆ, 1852ರಲ್ಲಿ, ತನ್ನ 36ನೆಯ ವಯಸ್ಸಿನಲ್ಲಿ ಏಡಾ ತೀರಿಕೊಂಡಳು.