ತೊಂಡಮಾನ್: ಊರಿಲ್ಲದವರ ಅರ್ಜಿಗೆ ಅರ್ಧ ಶತಮಾನ ಓಡಾಡಿದ ನಾಯಕ

ನಮ್ಮ ಕೊಯಮತ್ತೂರು ಜಿಲ್ಲೆಯ ವಾಲ್ಪಾರೈ ಕಡೆಗೆ ಹೋದವರಿಗೆ ಟ್ಯಾನ್‌ಟೀ ಹೆಸರು ಹೊಸದಲ್ಲ. ತಮಿಳುನಾಡು ಸರ್ಕಾರ 1968ರಲ್ಲಿ ಅರಣ್ಯ ಇಲಾಖೆಯ ಮೂಲಕ ಈ ಟೀ ತೋಟಗಳನ್ನು ಬೆಳೆಸಲು ಹೊರಟದ್ದು ವ್ಯಾಪಾರಕ್ಕಾಗಿ ಮಾತ್ರವಲ್ಲ. ಸಿಲೋನಿನಿಂದ, ಅಂದರೆ ಇಂದಿನ ಶ್ರೀಲಂಕಾದಿಂದ, ವಾಪಸು ಬರುತ್ತಿದ್ದ ತಮಿಳು ಕುಟುಂಬಗಳಿಗೆ ಕೆಲಸ ಮತ್ತು ಸೂರು ಕೊಡುವುದು ಅದರ ಮುಖ್ಯ ಉದ್ದೇಶವಾಗಿತ್ತು. ಅತ್ತ ಕರ್ನಾಟಕದ ಸುಳ್ಯ, ಪುತ್ತೂರು ಕಡೆಯ ಸರ್ಕಾರಿ ರಬ್ಬರ್ ತೋಟಗಳಿಗೂ ಇದೇ ಜನ ಬಂದರು. ಅವರ ಮಕ್ಕಳು ಕನ್ನಡ ಶಾಲೆಗಳಲ್ಲಿ ಓದಿ ಇಂದು ನಮ್ಮ ಹಾಗೆಯೇ ಎರಡು ಭಾಷೆಯವರಾಗಿದ್ದಾರೆ.

ಇವರೆಲ್ಲ ಯಾಕೆ ಬಂದರು? ಇವರನ್ನು ಕಳಿಸಿದವರು ಯಾರು? ಈ ಪ್ರಶ್ನೆಗೆ ಉತ್ತರ ಹುಡುಕಿದರೆ ಒಬ್ಬ ಮನುಷ್ಯನ ಜೀವನ ಎದುರಾಗುತ್ತದೆ. ಅವರೇ ಸೌಮ್ಯಮೂರ್ತಿ ತೊಂಡಮಾನ್. ಲಕ್ಷಾಂತರ ಜನ ಪೌರತ್ವಕ್ಕೆ ಅರ್ಜಿ ಹಾಕಿ ವರ್ಷಗಟ್ಟಲೆ, ತಲೆಮಾರುಗಟ್ಟಲೆ ಕಾದಾಗ ಆ ಅರ್ಜಿಗಳ ಬೆನ್ನ ಹಿಂದೆ ನಿಂತವರು.

ತೋಟದ ಮನೆಯ ಹುಡುಗ

ತೊಂಡಮಾನ್ ಹುಟ್ಟಿದ್ದು 1913ರ ಆಗಸ್ಟ್ 30ರಂದು, ಈಗಿನ ಶಿವಗಂಗೈ ಜಿಲ್ಲೆಯ ಮುನಪ್ಪುದೂರು ಎಂಬ ಹಳ್ಳಿಯಲ್ಲಿ. ತಂದೆ ಕರುಪ್ಪಯ್ಯ ಬಡತನ ತಾಳಲಾರದೆ ಕಡಲು ದಾಟಿ ಸಿಲೋನಿಗೆ ಹೋದವರು. ಕೂಲಿಯಾಗಿ ಸೇರಿ, ಆಳುಗಳನ್ನು ಕರೆತಂದು ಮೇಸ್ತ್ರಿಕೆ ಮಾಡುವ ಕಂಗಾಣಿಯಾಗಿ, ಕೊನೆಗೆ ರಂಬೊಡ ಎಂಬಲ್ಲಿ ವೇವೆಂಡನ್ ಹೆಸರಿನ ಟೀ ತೋಟವನ್ನೇ ಕೊಂಡರು. ಇಂಥ ಏಳಿಗೆ ಕಂಡವರು ಸಾವಿರಕ್ಕೊಬ್ಬರೂ ಇರಲಿಲ್ಲ. ಉಳಿದವರೆಲ್ಲ ಸಾಲುಮನೆಯ ಒಂದೊಂದು ಕೋಣೆಯಲ್ಲಿ ಹುಟ್ಟಿ ಅಲ್ಲೇ ಸತ್ತರು.

ಮಗ ಸಿಲೋನಿಗೆ ಹೋದದ್ದು 1924ರಲ್ಲಿ, 11ನೇ ವಯಸ್ಸಿನಲ್ಲಿ. ಗಂಪೊಳ ಪಟ್ಟಣದಲ್ಲಿ ಓದು. 1927ರಲ್ಲಿ ಗಾಂಧೀಜಿ ಸಿಲೋನ್ ಪ್ರವಾಸ ಮಾಡಿದಾಗ ಈ ಹುಡುಗನ ಮನಸ್ಸು ಆ ಕಡೆಗೆ ತಿರುಗಿತು. ಮುಂದೆ 1939ರಲ್ಲಿ ನೆಹರೂ ಬಂದು ಅಲ್ಲಿನ ಭಾರತೀಯರ ಸಂಘಗಳನ್ನೆಲ್ಲ ಕೂಡಿಸಿದಾಗ ಸಿಲೋನ್ ಇಂಡಿಯನ್ ಕಾಂಗ್ರೆಸ್ ಹುಟ್ಟಿತು. ತೊಂಡಮಾನ್ ಗಂಪೊಳ ಶಾಖೆಯಿಂದ ಶುರುಮಾಡಿ 1945ರ ಹೊತ್ತಿಗೆ ಇಡೀ ಸಂಸ್ಥೆಯ ಅಧ್ಯಕ್ಷರಾದರು. ತೋಟದ ಮಾಲೀಕನೇ ತೋಟದ ಕೂಲಿಗಳ ನಾಯಕನಾದದ್ದು ಅಂದಿಗೂ ವಿಚಿತ್ರ, ಇಂದಿಗೂ ವಿಚಿತ್ರ. ವಿರೋಧಿಗಳು ಇದನ್ನು ಅವರ ಜೀವನವಿಡೀ ಎತ್ತಿ ಆಡಿದರು.

1947ರ ಚುನಾವಣೆಯಲ್ಲಿ ನುವರ ಎಲಿಯ ಕ್ಷೇತ್ರದಿಂದ ಗೆದ್ದು ಅವರು ಪಾರ್ಲಿಮೆಂಟ್ ಸೇರಿದರು. ಗೆಲ್ಲಿಸಿದವರು ತೋಟದ ಕಾರ್ಮಿಕರು. ಆ ಮತವೇ ಅವರಿಗೆ ಮುಳುವಾಯಿತು.

ಒಂದು ಕಾನೂನು, ನಿಂತ ನೆಲ ಇಲ್ಲ

ಸಿಲೋನಿಗೆ ಸ್ವಾತಂತ್ರ್ಯ ಬಂದದ್ದು 1948ರ ಫೆಬ್ರವರಿ 4ರಂದು. ಅದೇ ವರ್ಷ ಪೌರತ್ವ ಕಾನೂನು ಬಂತು. ಪೌರನಾಗಬೇಕಾದರೆ ತಂದೆ ಅಲ್ಲಿ ಹುಟ್ಟಿರಬೇಕು, ಇಲ್ಲವೇ ತಾತ, ಮುತ್ತಾತ ಹುಟ್ಟಿರಬೇಕು, ಅದಕ್ಕೆ ದಾಖಲೆ ಇರಬೇಕು. ತೋಟದ ಸಾಲುಮನೆಯಲ್ಲಿ ಹುಟ್ಟಿದವರಿಗೆ ಜನನ ಪತ್ರ ಎಲ್ಲಿಂದ ಬರಬೇಕು? 1949ರಲ್ಲಿ ಇನ್ನೊಂದು ಕಾನೂನು ಮತದ ಹಕ್ಕನ್ನೂ ಕಿತ್ತುಕೊಂಡಿತು. ಊರು ಬಿಟ್ಟು ಕದಲದ ಜನ, ಕೂತಲ್ಲೇ ಪರದೇಶಿಗಳಾದರು.

ನಮ್ಮ ಗಡಿನಾಡಿನವರಿಗೆ ಇದು ಅರ್ಥವಾಗಬೇಕಾದರೆ ಕೊಳ್ಳೇಗಾಲವನ್ನು ನೆನೆಯಬೇಕು. 1956ರ ನವೆಂಬರ್ 1ರವರೆಗೆ ಅದು ಕೊಯಮತ್ತೂರು ಜಿಲ್ಲೆಯ ತಾಲೂಕು. ಮರುದಿನ ಬೆಳಗಾಗುವಷ್ಟರಲ್ಲಿ ಮೈಸೂರು ರಾಜ್ಯ. ತಾಳವಾಡಿ ಈ ಕಡೆಯೇ ಉಳಿಯಿತು. ಅತ್ತೆ ಮನೆ ಒಂದು ರಾಜ್ಯ, ತವರು ಒಂದು ರಾಜ್ಯ ಆದರೂ ಯಾರೂ ಅರ್ಜಿ ಹಾಕಬೇಕಾಗಲಿಲ್ಲ, ಯಾರ ಪೌರತ್ವವೂ ಅಲುಗಲಿಲ್ಲ. ಗಡಿ ಸರಿದರೂ ದೇಶ ಒಂದೇ ಆಗಿತ್ತು. ಸಿಲೋನಿನ ತೋಟದವರಿಗೆ ಆ ಭಾಗ್ಯ ಇರಲಿಲ್ಲ.

ಅರ್ಜಿಗಳ ರಾಶಿ

1949ರಲ್ಲಿ ಭಾರತ ಮತ್ತು ಪಾಕಿಸ್ತಾನ ಮೂಲದ ನಿವಾಸಿಗಳಿಗೆಂದು ಒಂದು ಕಾನೂನು ಬಂತು. ಮದುವೆಯಾದವರು 7 ವರ್ಷ, ಆಗದವರು 10 ವರ್ಷ ಬಿಡದೆ ಅಲ್ಲೇ ವಾಸವಿದ್ದರೆಂದು ತೋರಿಸಿ ಅರ್ಜಿ ಹಾಕಬಹುದಿತ್ತು. ಇದಕ್ಕೆ ಎರಡು ವರ್ಷ ಗಡುವು. ತೊಂಡಮಾನ್ ಅವರ ಕಾಂಗ್ರೆಸ್ ಮೊದಲು ಈ ಕಾನೂನನ್ನೇ ಬಹಿಷ್ಕರಿಸಿತು. ಹುಟ್ಟಿನಿಂದ ಬಂದ ಹಕ್ಕನ್ನು ಅರ್ಜಿ ಹಾಕಿ ಯಾಕೆ ಬೇಡಬೇಕು ಎಂಬುದು ವಾದ. ವಾದ ನ್ಯಾಯವೇ. ಆದರೆ ಗಡುವು ನ್ಯಾಯ ಕೇಳುವುದಿಲ್ಲ. ದಿನ ಕಳೆದಂತೆ ತಪ್ಪು ತಿಳಿದು, ಬಹಿಷ್ಕಾರ ಬಿಟ್ಟು, ತೋಟ ತೋಟಕ್ಕೆ ಹೋಗಿ ಅರ್ಜಿ ತುಂಬಿಸುವ ಕೆಲಸ ನಡೆಯಿತು. 1951ರ ಆಗಸ್ಟ್ 5ರ ಗಡುವಿನೊಳಗೆ ಸುಮಾರು 2,37,000 ಅರ್ಜಿಗಳು ಬಿದ್ದವು. ಒಂದೊಂದರಲ್ಲಿ ಇಡೀ ಮನೆಯ ಹೆಸರು. ಒಟ್ಟು 8 ಲಕ್ಷಕ್ಕೂ ಮಿಕ್ಕಿದ ಜನ.

ಮುಂದೆ ಶುರುವಾಯಿತು ಕಾಯುವ ಕಾಲ. ಒಂದು ಅರ್ಜಿಗೆ ಒಂದು ವಿಚಾರಣೆ, ವಿಚಾರಣೆಗೆ ಒಂದು ನೋಟೀಸು, ನೋಟೀಸಿಗೆ ಒಂದು ದಾಖಲೆ. ನಡುವೆ ಮದುವೆಗೋ ಸಾವಿಗೋ ಊರಿಗೆ ಹೋಗಿ ಬಂದದ್ದು, ತಂದೆತಾಯಿಗೆ ಹಣ ಕಳಿಸಿದ್ದು, ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಡಿಮೆ ಆದದ್ದು ಎಲ್ಲವೂ ಅರ್ಜಿಗೆ ವಿರುದ್ಧವಾಗಿ ನಿಂತವು. ಓದು ಬಾರದ ಕೂಲಿಗೆ ಇಂಗ್ಲಿಷ್ ಕಾಗದ ಬಂದರೆ ಓದಿ ಹೇಳುವವರು ಯಾರು? ಗೈರುಹಾಜರಾದರೆ ಅರ್ಜಿ ವಜಾ. ಹತ್ತು ಹನ್ನೆರಡು ವರ್ಷ ಕಳೆದ ಮೇಲೆ ಲೆಕ್ಕ ಹಾಕಿದರೆ, ಅರ್ಜಿಯಲ್ಲಿದ್ದ 8 ಲಕ್ಷ ಜನರಲ್ಲಿ ಪೌರತ್ವ ಸಿಕ್ಕಿದ್ದು ಸುಮಾರು 1,34,000 ಜನರಿಗೆ. ಆರರಲ್ಲಿ ಒಬ್ಬರಿಗೂ ಇಲ್ಲ.

ಇತ್ತ ಭಾರತ ಸರ್ಕಾರವೂ ಅವರನ್ನು ತನ್ನವರೆಂದು ಒಪ್ಪಲಿಲ್ಲ. ಅಲ್ಲೇ ಹುಟ್ಟಿ ಬೆಳೆದವರು ಅಲ್ಲಿನವರೇ ಎಂಬುದು ನೆಹರೂ ಅವರ ನಿಲುವು. ಎರಡು ದೇಶದ ಬಾಗಿಲ ನಡುವೆ ಜನ ನಿಂತುಬಿಟ್ಟರು. ನಾಡಿಲ್ಲದವರು ಎಂಬ ಹೆಸರು ಬಂತು.

ತೊಂಡಮಾನ್ ಸುಮ್ಮನಿರಲಿಲ್ಲ. 1952ರಲ್ಲಿ ಕೊಲಂಬೊದಲ್ಲಿ ಪ್ರಧಾನಿ ಕಚೇರಿ ಎದುರು ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಸತ್ಯಾಗ್ರಹ ನಡೆಸಿದರು. ಕೇಳಿದ್ದೆಲ್ಲ ಸಿಗಲಿಲ್ಲ. ಅದೇ ವರ್ಷದ ಚುನಾವಣೆಯಲ್ಲಿ ಅವರ ಜನರಿಗೆ ಮತವೇ ಇರಲಿಲ್ಲ, ಹಾಗಾಗಿ ಪಾರ್ಲಿಮೆಂಟಿನಲ್ಲಿ ಅವರ ಪರ ಆರಿಸಿ ಬಂದ ಒಬ್ಬರೂ ಇಲ್ಲವಾದರು. ಮತ ಹೋದ ಮೇಲೆ ಕೈಯಲ್ಲಿ ಉಳಿದದ್ದು ಒಂದೇ, ಕೂಲಿಯ ಬೆವರು. ಸಂಸ್ಥೆ ಸಿಲೋನ್ ವರ್ಕರ್ಸ್ ಕಾಂಗ್ರೆಸ್ ಎಂಬ ಕಾರ್ಮಿಕ ಸಂಘವಾಗಿ ಗಟ್ಟಿಯಾಯಿತು. ಟೀ ಎಲೆ ಕೀಳುವ ಕೈ ನಿಂತರೆ ಸರ್ಕಾರದ ಬೊಕ್ಕಸ ಅಲುಗುತ್ತದೆ ಎಂಬುದನ್ನು ತೊಂಡಮಾನ್ ಚೆನ್ನಾಗಿ ಅರಿತಿದ್ದರು.

ಕೇಳದೆ ಮಾಡಿದ ಪಾಲು

1964ರ ಅಕ್ಟೋಬರ್ 30ರಂದು ದೆಹಲಿಯಲ್ಲಿ ಲಾಲ್ ಬಹಾದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಿಕೆ ಒಪ್ಪಂದಕ್ಕೆ ಸಹಿ ಹಾಕಿದರು. ನಾಡಿಲ್ಲದವರು 9,75,000 ಎಂದು ಲೆಕ್ಕ. ಅವರಲ್ಲಿ 5,25,000 ಜನರನ್ನು ಭಾರತ ತೆಗೆದುಕೊಳ್ಳಬೇಕು, 3,00,000 ಜನರಿಗೆ ಸಿಲೋನ್ ಪೌರತ್ವ ಕೊಡಬೇಕು, ಉಳಿದ 1,50,000 ಜನರ ವಿಷಯ ಮುಂದಕ್ಕೆ. 1974ರಲ್ಲಿ ಇಂದಿರಾ ಗಾಂಧಿಯವರ ಕಾಲಕ್ಕೆ ಆ ಉಳಿದವರನ್ನೂ 75,000ದಂತೆ ಸಮಪಾಲು ಮಾಡಿದರು.

ತೊಂಡಮಾನ್ ಆಗ ನೇಮಕಗೊಂಡ ಪಾರ್ಲಿಮೆಂಟ್ ಸದಸ್ಯರು. ಆದರೂ ಅವರನ್ನಾಗಲಿ, ಆ ಜನರನ್ನಾಗಲಿ ಯಾರೂ ಒಂದು ಮಾತು ಕೇಳಲಿಲ್ಲ. ದನ ಕರುಗಳನ್ನು ಹಂಚಿದಂತೆ ಮನುಷ್ಯರನ್ನು ಹಂಚಿದ್ದಕ್ಕೆ ಅವರು ಬಲವಾಗಿ ವಿರೋಧಿಸಿದರು. ಜನರ ಮನಸ್ಸು ಏನಿತ್ತು ಎಂಬುದು ಅರ್ಜಿ ಕರೆದಾಗ ಗೊತ್ತಾಯಿತು. ಭಾರತಕ್ಕೆಂದು ಅರ್ಜಿ ಹಾಕಿದವರು ಸುಮಾರು 4 ಲಕ್ಷ, ಅಲ್ಲೇ ಇರುತ್ತೇವೆಂದು ಹಾಕಿದವರು 6 ಲಕ್ಷಕ್ಕೂ ಮೇಲೆ. ಪಾಲಿನ ಲೆಕ್ಕಕ್ಕೂ ಜನರ ಆಸೆಗೂ ತಾಳೆಯೇ ಇಲ್ಲ.

15 ವರ್ಷದಲ್ಲಿ ಮುಗಿಯಬೇಕಿದ್ದ ಕೆಲಸ ಮುಗಿಯಲಿಲ್ಲ. ಆದರೂ ಮಕ್ಕಳು ಮರಿ ಸೇರಿ ಸುಮಾರು 4,60,000 ಜನ ಭಾರತಕ್ಕೆ ಬಂದರು. ತಲೈಮನ್ನಾರಿನಲ್ಲಿ ಹಡಗು ಹತ್ತಿ ರಾಮೇಶ್ವರದಲ್ಲಿ ಇಳಿದು, ಮಂಟಪಂ ಕ್ಯಾಂಪಿನಲ್ಲಿ ತಂಗಿ, ನೀಲಗಿರಿಗೆ, ವಾಲ್ಪಾರೈಗೆ, ನೂಲಿನ ಗಿರಣಿಗಳಿಗೆ, ಸುಳ್ಯಕ್ಕೆ ಚದುರಿದರು. ಅವರಿಗಾಗಿ 1969ರಲ್ಲಿ ಚೆನ್ನೈಯಲ್ಲಿ ರೆಪ್ಕೊ ಬ್ಯಾಂಕ್ ಹುಟ್ಟಿತು. ಅಣ್ಣ ಅಲ್ಲಿ, ತಮ್ಮ ಇಲ್ಲಿ ಎಂಬಂತೆ ಒಡೆದ ಮನೆಗಳಿಗೆ ಲೆಕ್ಕವಿಲ್ಲ. ಗಲಭೆಗಳ ಕಾರಣ 1984ರಲ್ಲಿ ಹಡಗು ನಿಂತಾಗ ಭಾರತದ ಪಾಸ್‌ಪೋರ್ಟ್ ಕೈಯಲ್ಲಿ ಹಿಡಿದೂ ಬರಲಾಗದೆ ಸುಮಾರು 84,000 ಜನ ಅಲ್ಲೇ ಉಳಿದರು.

ಪ್ರಾರ್ಥನೆಯೇ ಮುಷ್ಕರ

1977ರಲ್ಲಿ ತೊಂಡಮಾನ್ ಮತ್ತೆ ಮತದಿಂದಲೇ ಗೆದ್ದರು. 30 ವರ್ಷದ ನಂತರ ಬಂದ ಗೆಲುವು ಅದು. 1978ರಲ್ಲಿ ಜಯವರ್ಧನೆ ಸರ್ಕಾರದಲ್ಲಿ ಮಂತ್ರಿಯಾದರು. 1976ರಲ್ಲಿ ಉತ್ತರದ ತಮಿಳು ನಾಯಕರು ಪ್ರತ್ಯೇಕ ರಾಷ್ಟ್ರ ಕೇಳಿದಾಗ ಅವರು ಆ ದಾರಿ ಹಿಡಿದಿರಲಿಲ್ಲ. ಸಿಂಹಳರ ಹಳ್ಳಿಗಳ ನಡುವೆ ಬದುಕುವ ತೋಟದ ಜನಕ್ಕೆ ಆ ದಾರಿಯಲ್ಲಿ ಊರಿಲ್ಲ ಎಂಬುದು ಅವರ ಲೆಕ್ಕ. 1983ರ ಹಿಂಸೆಯಲ್ಲಿ ತಮಿಳರ ಮನೆಗಳು ಸುಟ್ಟಾಗಲೂ ಮಂತ್ರಿ ಸ್ಥಾನ ಬಿಡಲಿಲ್ಲ. ಇದಕ್ಕಾಗಿ ಅವರನ್ನು ಬೈದವರು ಬಹಳ. ಅಧಿಕಾರವನ್ನು ಮನೆಯೊಳಗೇ ಇಟ್ಟುಕೊಂಡರು ಎಂಬ ದೂರೂ ಉಂಟು.

ಆದರೆ ಒಳಗಿದ್ದೇ ಅವರು ಸಾಧಿಸಿದ್ದನ್ನೂ ಹೇಳಬೇಕು. 1986ರ ಜನವರಿ 14, ಪೊಂಗಲ್ ದಿನ. ಅಂದಿನಿಂದ ತೋಟದ ಕಾರ್ಮಿಕರು ಬೆಳಗಿನ ಹೊತ್ತು ಕೆಲಸಕ್ಕೆ ಹೋಗದೆ ದೇವರ ಪ್ರಾರ್ಥನೆಗೆ ಕೂತರು. ಬೇಡಿಕೆ ಒಂದೇ, ನಾಡಿಲ್ಲದವರಿಗೆ ನಾಡು ಕೊಡಿ. ಘೋಷಣೆ ಇಲ್ಲ, ಕಲ್ಲು ತೂರಾಟ ಇಲ್ಲ. ಪ್ರಾರ್ಥನೆ ಮಾಡುವವರ ಮೇಲೆ ಲಾಠಿ ಬೀಸುವುದು ಹೇಗೆ? ಎಲೆ ಮಾತ್ರ ಗಿಡದಲ್ಲೇ ಬಲಿಯುತ್ತಿತ್ತು. ಸರ್ಕಾರ ಬೇಗನೆ ಮಾತುಕತೆಗೆ ಬಂತು. ಅದೇ ವರ್ಷ ಕಾನೂನಾಗಿ, ಅತ್ತಲೂ ಇಲ್ಲದೆ ಇತ್ತಲೂ ಇಲ್ಲದೆ ಉಳಿದಿದ್ದ ಸುಮಾರು 94,000 ಜನರಿಗೆ ಪೌರತ್ವ ಕೊಡಲು ಒಪ್ಪಿಗೆಯಾಯಿತು. 1988ರಲ್ಲಿ ಇನ್ನೊಂದು ಕಾನೂನು ಬಂದು, ಭಾರತಕ್ಕೆ ಅರ್ಜಿ ಹಾಕದ ಉಳಿದವರನ್ನೂ ಪೌರರೆಂದು ಒಪ್ಪಿತು. 1951ರಲ್ಲಿ ಅರ್ಜಿ ಹಾಕಿದ ತಂದೆ ಸತ್ತು, ಮಗ ಮುದುಕನಾಗುವ ಹೊತ್ತಿಗೆ ಫಲ.

ತೊಂಡಮಾನ್ ಮಂತ್ರಿಯಾಗಿರುವಾಗಲೇ 1999ರ ಅಕ್ಟೋಬರ್ 30ರಂದು ತೀರಿಕೊಂಡರು. ಅವರು ಜೀವನವಿಡೀ ವಿರೋಧಿಸಿದ ಒಪ್ಪಂದಕ್ಕೆ ಸಹಿ ಬಿದ್ದು ಸರಿಯಾಗಿ 35 ವರ್ಷ ತುಂಬಿದ ದಿನ ಅದು. 2003ರಲ್ಲಿ ಶ್ರೀಲಂಕಾ ಮತ್ತೊಂದು ಕಾನೂನು ಮಾಡಿ, 1964ರ ಆ ಅಕ್ಟೋಬರ್ 30ರಿಂದ ಅಲ್ಲೇ ವಾಸವಿರುವ ಭಾರತ ಮೂಲದವರಿಗೆ ಮತ್ತು ಅವರ ಮಕ್ಕಳಿಗೆ ಪೌರತ್ವ ಕೊಟ್ಟಿತು. ಪಾಸ್‌ಪೋರ್ಟ್ ಹಿಡಿದು ಉಳಿದುಹೋದವರಿಗೂ ಇದರಿಂದ ದಾರಿಯಾಯಿತು. ಅದನ್ನು ನೋಡಲು ಅವರು ಇರಲಿಲ್ಲ.

ಈ ಕಡೆಯ ಕಥೆ ಮುಗಿದಿಲ್ಲ

1983ರ ನಂತರ ಹಿಂಸೆಗೆ ಹೆದರಿ ಬಂದವರು ನಮ್ಮ ಜಿಲ್ಲೆಯ ಪೂಲುವಪಟ್ಟಿ, ಆಳಿಯಾರ್ ಕ್ಯಾಂಪುಗಳಲ್ಲಿ ನೆಲೆ ನಿಂತರು. ತಮಿಳುನಾಡಿನ ಕ್ಯಾಂಪುಗಳಿಗೆ ಹೀಗೆ ಬಂದವರಲ್ಲಿ ತೋಟದ ಕಡೆಯ ಭಾರತ ಮೂಲದವರೂ ಇದ್ದಾರೆ. ಇವರ ತೊಡಕು ಬೇರೆ. ಒಪ್ಪಂದದಡಿ ಬಂದವರು ಪೌರರು, ಗಲಭೆಗೆ ಹೆದರಿ ಬಂದವರು ನಿರಾಶ್ರಿತರು. ತಾತ ಒಂದೇ ಹಳ್ಳಿಯವನಾದರೂ ಕಾಗದ ಬೇರೆ.

ನಮ್ಮ ಕಾನೂನಿನಲ್ಲಿ 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು. ಆ ಮೇಲೆ ಹುಟ್ಟಿದವರಿಗೆ ತಂದೆ ಇಲ್ಲವೇ ತಾಯಿ ಭಾರತೀಯರಾಗಿರಬೇಕು. 2004ರ ಡಿಸೆಂಬರ್ 3ರಿಂದ ನಿಯಮ ಇನ್ನೂ ಬಿಗಿಯಾಯಿತು. ಅನುಮತಿ ಪತ್ರವಿಲ್ಲದೆ ದೋಣಿಯಲ್ಲಿ ಬಂದವರು ಅಕ್ರಮ ವಲಸಿಗರೆಂದು ಎಣಿಸಲ್ಪಟ್ಟು ಅರ್ಜಿ ಹಾಕುವ ಅರ್ಹತೆಯನ್ನೇ ಕಳೆದುಕೊಂಡರು. 2019ರ ಪೌರತ್ವ ತಿದ್ದುಪಡಿಯಲ್ಲಿ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದ ಹೆಸರಿದೆ, ಶ್ರೀಲಂಕಾದ ಹೆಸರಿಲ್ಲ. ಅದೇ ವರ್ಷ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟಿನ ಮದುರೈ ಪೀಠ, ಭಾರತ ಮೂಲದ ತಮಿಳರಾದ 65 ಕ್ಯಾಂಪುವಾಸಿಗಳ ಅರ್ಜಿಗಳನ್ನು ಕೇಂದ್ರ ಸರ್ಕಾರ ಪರಿಗಣಿಸಬೇಕೆಂದು ಹೇಳಿತು. ಅವರೂ ವರ್ಷಗಟ್ಟಲೆ ಕಾದು ಕೋರ್ಟಿಗೆ ಹೋದವರೇ.

ತೊಂಡಮಾನ್ ಜೀವನದಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಅರ್ಜಿಯನ್ನು ತಿರಸ್ಕರಿಸಿದರೆ ಮೇಲ್ಮನವಿ ಮಾಡಬಹುದು, ಉತ್ತರವನ್ನೇ ಕೊಡದಿದ್ದರೆ ಯಾರ ಹತ್ತಿರ ಹೋಗುವುದು? ತಡ ಮಾಡುವುದೂ ಇಲ್ಲವೆನ್ನುವ ಒಂದು ಬಗೆ. ಒಬ್ಬೊಬ್ಬರೇ ಕಚೇರಿ ಬಾಗಿಲಲ್ಲಿ ನಿಂತಾಗ ಆ ತಡ ಹತ್ತಾರು ವರ್ಷ ಎಳೆಯಿತು. ಎಲ್ಲರೂ ಒಟ್ಟಾಗಿ ಕೂತಾಗ ಸರ್ಕಾರಕ್ಕೂ ಅದರ ಬಿಸಿ ತಟ್ಟಿತು. ಜೊತೆಗೆ ಜನನ ಪತ್ರ, ಶಾಲೆಯ ಸರ್ಟಿಫಿಕೇಟು, ಹಾಕಿದ ಅರ್ಜಿಯ ರಸೀದಿ, ಇವುಗಳ ಬೆಲೆ ಏನೆಂದು ಆ ಜನರನ್ನು ಕೇಳಬೇಕು. ವಾಲ್ಪಾರೈಯಲ್ಲಾಗಲಿ ಸುಳ್ಯದಲ್ಲಾಗಲಿ ಹಳೆಯ ಸಿಲೋನ್ ಕುಟುಂಬದ ಮನೆಗೆ ಹೋದರೆ, ತಾತನ ಕಾಲದ ಕಾಗದಗಳನ್ನು ಇಂದಿಗೂ ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟಿರುವವರು ಸಿಗುತ್ತಾರೆ.